ಸೆಲ್ವಿ ಅಕ್ಕ ಮತ್ತು ನಲವತ್ತೆಂಟು ಕ್ಲಿಪ್ಪು

ಸೆಲ್ವಿ ಅಕ್ಕ ಬೈಯುವಾಗ ಪೂರ್ತಿ ಬಾಯಿ ತೆರೆಯುತ್ತಿರಲಿಲ್ಲ. ಎಲಾಸ್ಟಿಕ್ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಮುಷ್ಟಿಯಲ್ಲಿ ಎಳೆದು ಹಿಡಿದು, ತುಟಿಯ ಒಂದು ಕೊನೆಯಿಂದ ಬೈಯುತ್ತಿದ್ದಳು. ಒಳಗಿನ ರಬ್ಬರ್ ಸತ್ತಿದ್ದರೆ ಹಲ್ಲಿಗೆ ಗೊತ್ತಾಗುತ್ತದಂತೆ. ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಓಣಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗೆ ಅವಳ ಅಂಗಡಿ. ದಾರದ ಉರುಳೆ, ತಿರುಗುವ ಹುಕ್ಕು, ರಿಂಗು, ದಾರದ ತುದಿಗಳನ್ನು ಸೇರಿಸಿ ಒತ್ತುವ ತಗಡಿನ ಕೊಳವೆ, ಎಲ್ಲವೂ ಹಳೇ ಬಿಸ್ಕತ್ತಿನ ಡಬ್ಬಗಳಲ್ಲಿ. ನನ್ನ ಡೈರಿಯ ಪ್ರಕಾರ ನಾನು ಅಲ್ಲಿಗೆ ಹೋದದ್ದು ಮೂವತ್ತೊಂದು ಸಲ. ಬೈಸಿಕೊಳ್ಳದೆ ಬಂದದ್ದು ಎರಡು ಸಲ. ಒಂದು ಸಲ ಅವಳಿಗೆ ನೆಗಡಿಯಿಂದ ಗಂಟಲು ಕಟ್ಟಿತ್ತು; ಇನ್ನೊಂದು, ಕೊನೆಯ ಸಲ.

ಗುರುತಿನ ಚೀಟಿ ನೇತುಹಾಕಿಕೊಳ್ಳುವ ಕೊರಳದಾರಗಳನ್ನು ಕಗ್ಗದಾಸಪುರದ ನಮ್ಮ ಬಾಡಿಗೆ ರೂಮಿನಲ್ಲಿ ಕೂತು ಮಾಡುತ್ತೇನೆ. ಶುರುವಿನಲ್ಲಿ ಉರುಳೆಯಿಂದ ಎಳೆದೆಳೆದು ಇಪ್ಪತ್ತು ತುಂಡು ಕತ್ತರಿಸಿದ್ದೆ. ಮರುದಿನ ಅಳೆದರೆ ಇಪ್ಪತ್ತೂ ಗಿಡ್ಡ, ಒಂದಕ್ಕೊಂದು ಸಮವಿಲ್ಲ. ದಾರ ಕೆಟ್ಟದ್ದು ಅಂತ ಜಗಳಕ್ಕೆ ಹೋದೆ.

"ದಾರ ಕೆಟ್ಟಿಲ್ಲ ಕಣ್ಣು, ನಿನ್ ಬುದ್ಧಿ ಕೆಟ್ಟಿದೆ," ಅಂದಳು. ಬೈಯುವಾಗಲೂ ತಮಿಳಿನ ಮುದ್ದಿನ 'ಕಣ್ಣು' ಬಿಡುತ್ತಿರಲಿಲ್ಲ. "ಫ್ಯಾಕ್ಟ್ರೀಲಿ ಎಳೆದು ಸುತ್ತಿರ್ತಾರೆ. ಬಿಚ್ಚಿ ಬೇಸಿನ್‌ಗೆ ಹಾಕು, ಅರ್ಧ ದಿನ ಮಲಗ್ಲಿ. ಆಮೇಲೆ ಕತ್ರಿ ಹಿಡಿ. ನಿನ್ನ ಬಸ್ಸಿಂದ ಇಳಿಸಿದ ತಕ್ಷಣ ಅಳತೆ ತಗೊಂಡ್ರೆ ನೀನೂ ಸೊಟ್ಟಗೇ ಇರ್ತೀಯ!"

ಅವಳು ಬೆಳಿಗ್ಗೆ ಬಿಚ್ಚಿ ಹಾಕಿದ ದಾರವನ್ನು ಮಧ್ಯಾಹ್ನಕ್ಕೆ ಮೊದಲು ಯಾರಿಗೂ ಅಳೆದು ಕೊಡುತ್ತಿರಲಿಲ್ಲ. ಅವಸರದ ಗಿರಾಕಿಗೆ ಒಂದೇ ಮಾತು: "ಪೋ, ರಸೆಲ್ ಮಾರ್ಕೆಟ್ ಸುತ್ಕೊಂಡು ಬಾ."

ಇನ್ನೊಂದು ಹಟ, ಕುತ್ತಿಗೆಯ ಹಿಂದೆ ಕೂರುವ ಪ್ಲಾಸ್ಟಿಕ್ ಕ್ಲಿಪ್ಪಿನದು. ಜೋರಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದು. ಮಕ್ಕಳಿಗೆ, ಮೆಷಿನ್ ಪಕ್ಕ ನಿಲ್ಲುವವರಿಗೆ ಅದಿಲ್ಲದೆ ಸಾಮಾನು ಕೊಡುತ್ತಿರಲಿಲ್ಲ. ನನ್ನ ಮೊದಲ ದೊಡ್ಡ ಆರ್ಡರ್ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಅವ್ವ ಕೆ.ಆರ್. ಪುರದ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಓಡುವ ಬೆಲ್ಟಿನ ಪಕ್ಕ ನಿಂತು ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದಳು. ಚೀಟಿಯನ್ನು ಎಳೆದು ಹಾಜರಿ ಮೆಷಿನ್ನಿಗೆ ತೋರಿಸಲು ಅನುಕೂಲವಾಗಲಿ ಅಂತ ಅಲ್ಲಿನ ಸೂಪರ್‌ವೈಸರ್ ನಲವತ್ತೆಂಟು ಎಲಾಸ್ಟಿಕ್ ಕೊರಳದಾರ ಕೇಳಿದ. ಆದರೆ ಕ್ಲಿಪ್ಪು ಬೇಡ ಅಂದ. "ಅವು ಬಿಚ್ಕೊಳ್ತವೆ, ಈ ಹೆಂಗಸ್ರು ಕಾರ್ಡ್ ಕಳ್ಕೊಳ್ತಾರೆ. ಕೊಳವೆ ಹಾಕಿ ಗಟ್ಟಿಯಾಗಿ ಒತ್ತಿಬಿಡು."

ನಾನು ಒಪ್ಪಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಮನೆಯಲ್ಲಿದ್ದ ಕೊಳವೆಯಿಂದ ಒಂದು ಮಾದರಿ ಒತ್ತಿಕೊಂಡು, ಉಳಿದವಕ್ಕೆ ಸಾಮಾನು ಕೇಳಲು ಅಕ್ಕನ ಬಳಿ ಹೋದೆ. ಅವ್ವನ ಶೆಡ್ಡಿಗೆ, ಕ್ಲಿಪ್ಪು ಬೇಡವಂತೆ ಅಂದಾಗ ಅವಳು ಹಲ್ಲಿನಿಂದ ದಾರ ತೆಗೆದಳು.

"ಸಾದಾ ದಾರ ಬೆಲ್ಟ್‌ಗೆ ಸಿಕ್ಕಿದ್ರೆ ತಕ್ಷಣ ಜಗ್ಗತ್ತೆ, ಗೊತ್ತಾಗತ್ತೆ. ಇದು ನಗ್ತಾ ನಗ್ತಾ ಉದ್ದ ಆಗತ್ತೆ. ಗೊತ್ತಾಗೋಷ್ಟ್ರಲ್ಲಿ ನಿಮ್ಮಮ್ಮನ ಮೂತಿ ಬೆಲ್ಟ್ ಕೆಳಗಿರತ್ತೆ. ನಡಿ, ಆ ಮಹಾರಾಜನ್ನ ನೋಡ್ಬೇಕು."

ಅಂಗಡಿಗೆ ಅಡ್ಡ ಹಲಗೆ ಇಟ್ಟು ನನ್ನ ಜೊತೆ ಬಸ್ಸು ಹತ್ತಿದಳು.

ಶೆಡ್ಡಿನಲ್ಲಿ ಸೂಪರ್‌ವೈಸರ್ ಮೇಜಿನ ಹಿಂದೆ ಕೂತಿದ್ದ. "ಉದ್ದ ಸರಿ ಇದ್ಯಾ ನೋಡಿ ಸಾರ್," ಅಂತ ಅಕ್ಕ ನನ್ನ ಮಾದರಿಯನ್ನು ಅವನ ಕೊರಳಿಗೆ ಹಾಕಿದಳು. ಹುಕ್ಕಿನ ತುದಿಯನ್ನು ಮೇಜಿನ ಡ್ರಾಯರಿಗೆ ಸೇರಿಸಿ, ದಬ್ಬಿ, ಅದರಲ್ಲೇ ಇದ್ದ ಕೀಲಿ ತಿರುಗಿಸಿ, ತೆಗೆದು ಮುಷ್ಟಿಯಲ್ಲಿ ಹಿಡಿದಳು. "ಈಗ ಎದ್ದು ಬೆಲ್ಟ್ ನಿಲ್ಸಿ. ಸ್ವಿಚ್ ಆ ಗೋಡೇಲಿದೆ."

ಅವನು ನಗುತ್ತಲೇ ಎದ್ದ. ದಾರ ಉದ್ದವಾಯಿತು. ಮತ್ತೆ ಹೆಜ್ಜೆ ಇಟ್ಟ. ಆಮೇಲೆ ಅದು ಅವನನ್ನು ಹಿಂದಕ್ಕೆ ಜಗ್ಗಿತು. ಕನ್ನಡಕ ಸಿಕ್ಕಿಹಾಕಿಕೊಂಡು, ಗದ್ದ ಮೇಜಿಗೆ ಬಡಿಯಿತು. ತಲೆ ಬಗ್ಗಿಸಿ ನುಣುಚಿಕೊಳ್ಳಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಒಂಬತ್ತು ಎಣಿಸಿದ್ದೆ.

"ಬೆಲ್ಟ್ ಇಷ್ಟೊತ್ತು ಕಾಯಲ್ಲ ಸಾರ್," ಅಂದಳು ಅಕ್ಕ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ.

ಆರ್ಡರ್ ಬೇರೆಯವನಿಗೆ ಹೋಯಿತು. ಅವನು ಕ್ಲಿಪ್ಪಿಲ್ಲದ ನಲವತ್ತೆಂಟು ಮಾಡಿಕೊಟ್ಟ. ಅವ್ವನನ್ನು ಟೇಪಿನಿಂದ ತೆಗೆದು ಮೂಟೆ ಇಳಿಸಲು ಹಾಕಿದರು. ದಿನವೂ ಬೆಲ್ಟಿನ ಬುಡದ ತನಕ ಮೂಟೆ ಎಳೆಯಬೇಕು, ಕೊರಳಲ್ಲಿ ಅದೇ ದಾರ. "ಯಾಕ ಕರ್ಕೊಂಡ್ ಬಂದಿ ಆಕೀನ?" ಅಂತ ಸೊಂಟ ಹಿಡಿದು ಕೂತಳು. "ನಗೋರು ನಕ್ಕು ಹೋದ್ರು. ಹೊರಾಕಿ ನಾನು."

ಸಿಟ್ಟು ಸೂಪರ್‌ವೈಸರ್ ಮೇಲೆ ಬರಬೇಕಿತ್ತು. ಬಂದದ್ದು ಅಕ್ಕನ ಮೇಲೆ. ಓಣಿಯಲ್ಲಿ ನಿಂತು ಕೂಗಾಡಿದೆ: "ನಿಮ್ಮ ನಾಟಕಕ್ಕೆ ನಮ್ಮವ್ವ ಮೂಟೆ ಹೊರ್ತಾಳೆ!"

ಅಕ್ಕ ಒಂದೂ ಬೈಗುಳ ಆಡಲಿಲ್ಲ. ಡಬ್ಬದಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಎಳೆದು ನೋಡಿ, ನಲವತ್ತೆಂಟು ಆರಿಸಿ, ಕಾಗದದಲ್ಲಿ ಕಟ್ಟಿದಳು. "ಒಬ್ಬೊಬ್ಬಳ ಕೈಗೂ ಕೊಡು. ಅವನ್ಗೆ ಹೇಳ್ಬೇಡ. ತಗೋ ಕಣ್ಣು."

ನಾನು ಪೊಟ್ಟಣವನ್ನು ಅಲ್ಲೇ ಹಲಗೆಯ ಮೇಲೆ ಬಿಟ್ಟು ಬಂದೆ. ಡೈರಿಯಲ್ಲಿ ಅದು ಮೂವತ್ತೊಂದನೆಯ ಸಲ.

ಬಿಗುಮಾನ ಇಳಿದು ಮತ್ತೆ ಹೋದಾಗ ಮೆಟ್ಟಿಲ ಕೆಳಗೆ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಎದುರಿನ ಜಿಪ್ಪಿನ ಅಂಗಡಿಯವನು, "ಮಗಳ ಊರಿಗೆ ಹೋಗ್ಬಿಟ್ರು, ವೆಲ್ಲೂರ್ ಕಡೆ. ನಂಬರ್ ಇಲ್ಲಮ್ಮ," ಅಂದ.

ಈಗ ಶೆಡ್ಡಿನ ವಾರದ ರಜೆಯ ಹಿಂದಿನ ದಿನ ಜೊತೆಯ ಹೆಂಗಸರು ತಮ್ಮ ಕೊರಳದಾರಗಳನ್ನು ಅವಳ ಊಟದ ಚೀಲಕ್ಕೆ ಹಾಕಿ ಕಳಿಸುತ್ತಾರೆ. ನಾನು ಕೊಳವೆ ಒಡೆದು ಕ್ಲಿಪ್ಪು ಹಾಕುತ್ತೇನೆ. ಬೇರೆ ಅಂಗಡಿಯಿಂದ ತಂದ ಹನ್ನೆರಡರಲ್ಲಿ ಐದು, ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ. ಮೊದಲು ಅವ್ವನದು ಮಾಡಿದೆ, ಆಮೇಲೆ ಆರು. ಇನ್ನು ನಲವತ್ತೊಂದು.

"ಆಕಿ ಎಲ್ಲರಿಗೂ ಕ್ಲಿಪ್ಪು ಆರಿಸಿ ಇಟ್ಟಿದ್ಳು ಅಂತ ಹೇಳಿದ್ಯಲ್ಲ, ಅವು ಎಲ್ಲದಾವ?" ಅಂತ ಅವ್ವ ಇವತ್ತು ಕೇಳಿದಳು. ನಾನು ತಲೆ ಎತ್ತದೆ ಮುಂದಿನ ಕೊಳವೆಗೆ ಇಕ್ಕಳ ಹಾಕಿದೆ.