ಗೆರೆಗೆ ಬಾರದ ಚುಕ್ಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎಂದೋ ಬೀಗ ಬಿದ್ದ ಬಣ್ಣದ ಕಾರ್ಖಾನೆಯ ಹಿಂಗೋಡೆಯ ಪಕ್ಕ, ನೆಲದಿಂದ ಮೊಣಕಾಲೆತ್ತರ ಎದ್ದು ನಿಂತ ಕಬ್ಬಿಣದ ಕೊಳವೆಯ ಮುಂದೆ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಅಳತೆಪಟ್ಟಿಯನ್ನು ಕೊಳವೆಯೊಳಗೆ ಇಳಿಬಿಡುತ್ತಾರೆ. ತುದಿ ನೀರಿಗೆ ತಾಗಿದೊಡನೆ ಸುರುಳಿಯಲ್ಲಿರುವ ಯಂತ್ರ ಕುಂಯ್ ಎನ್ನುತ್ತದೆ. ಎತ್ತುತ್ತಾರೆ, ಮತ್ತೆ ಇಳಿಸುತ್ತಾರೆ. ಮತ್ತೆ ಕುಂಯ್. ಇನ್ನೊಂದು ಸಲಕ್ಕೆ ಕೈಹಾಕಿದಾಗ, ಇವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ತಡೆಯಲಾಗುವುದಿಲ್ಲ.

"ಅದೇ ಲೆಕ್ಕ ಬರ್ತಿದೆಯಲ್ಲ?"

"ಅದೇ ಬರ್ತಿದೆ. ಬರಬಾರದಿತ್ತು," ಎನ್ನುತ್ತಾರೆ ಅವರು, ನನ್ನ ಕಡೆ ನೋಡದೆ.

ಇವರು ಅಂತರ್ಜಲದ ಸಲಹಾ ಕಚೇರಿಯೊಂದರಲ್ಲಿ ಗುತ್ತಿಗೆ ನೌಕರರು. ಕಚೇರಿಯಲ್ಲಿ ಎಲ್ಲರಿಗೂ 'ಚುಕ್ಕಿ ಮೇಡಂ'. ಮೊದಲು ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದವರು, ತೆಗೆಯುತ್ತ ತೆಗೆಯುತ್ತ ಓದುವುದನ್ನೂ ಕಲಿತರು. ಈಗ ಕಂಪ್ಯೂಟರಿನಲ್ಲಿ ಬಾವಿ ಕೂರಿಸುತ್ತಾರೆ. ನೀರು ಸೇದುವ ಬಾವಿಯಲ್ಲ, ನೀರಿನ ಮಟ್ಟ ನೋಡುವುದಕ್ಕೆಂದೇ ಕೊರೆದ, ಈ ಕೊಳವೆಯಂಥ ವೀಕ್ಷಣಾ ಬಾವಿ. ನೆಲವನ್ನು ಚೌಕ ಚೌಕವಾಗಿ, ಪದರ ಪದರವಾಗಿ ಕತ್ತರಿಸಿಟ್ಟ ಮಾದರಿಯೊಂದು ಪರದೆಯ ಮೇಲಿರುತ್ತದೆ. ಯಾವ ಬಾವಿ ಯಾವ ಚೌಕದಲ್ಲಿ, ಎಷ್ಟನೆಯ ಪದರದಲ್ಲಿ, ಅದರ ಬಾಯಿ ಎಷ್ಟು ಎತ್ತರದಲ್ಲಿ, ನೀರು ಎಷ್ಟು ಆಳದಲ್ಲಿ ಎಂದು ಒಂದೊಂದನ್ನೇ ತುಂಬಬೇಕು. ಕಂಪ್ಯೂಟರ್ ಊಹಿಸಿದ ನೀರಿನ ಮಟ್ಟ, ನಿಜಕ್ಕೂ ಸಿಕ್ಕಿದ ಮಟ್ಟ, ಎರಡೂ ಒಂದೇ ಆದರೆ ಆ ಬಾವಿಯ ಚುಕ್ಕಿ ಓರೆಗೆರೆಯೊಂದರ ಮೇಲೆ ಬಂದು ಕೂರುತ್ತದೆ. ಕೇಳಿದರೆ ಆಕಳಿಕೆ ಬರುವ ಕೆಲಸ, ನನಗೂ ಬಂದಿತ್ತು.

ಆಕಳಿಕೆ ಹಾರಿಹೋದದ್ದು ಈ ಬಾವಿಯ ಕಥೆ ಕೇಳಿದ ಮೇಲೆ. ನಲವತ್ತು ಚಿಲ್ಲರೆ ಬಾವಿಗಳೆಲ್ಲ ಗೆರೆಯ ಮೇಲೆ ಜಾಣರಂತೆ ಕೂತಿವೆ, ಇದೊಂದು ಮಾತ್ರ ಕೆಳಗೆ ಜೋತುಬಿದ್ದಿದೆ. ಕಾರ್ಖಾನೆಯ ಗುಂಡಿಯಲ್ಲಿ ಹಳೆಯ ಬಣ್ಣದ ನೀರು ಇಂಗಿದೆ. ಈ ಚುಕ್ಕಿಯನ್ನು ಬಿಟ್ಟು ನೋಡಿದರೆ ಆ ನೀರು ಆಚೆಗಿನ ಹಳ್ಳದ ಕಡೆ ಹೋಗುತ್ತದೆ, ಸೇರಿಸಿಕೊಂಡು ನೋಡಿದರೆ, ಮಟ್ಟ ತಗ್ಗಿದ ಈ ಬದಿಗೆ ಇಳಿದು, ಈಚೆಗಿನ ಕಾಲೊನಿಯ ಬೋರ್‌ವೆಲ್ ಕಡೆಗೆ. ಕಾಲೊನಿಯ ಮೂರನೆಯ ಮನೆ ಇವರ ಅಕ್ಕನದು. ಅಲ್ಲೊಂದು ಅಂಬೆಗಾಲಿಡುವ ಕೂಸಿದೆ.

"ಈ ಬಾವಿ ಸುಳ್ಳು ಹೇಳ್ತಿರ್ಲಪ್ಪಾ ಅಂತ ಬೇಡ್ಕೊಂಡೇ ಬಂದೆ," ಎನ್ನುತ್ತ ಕೊಳವೆಯ ಅಂಚಿನ ಮೇಲೆ ಕೈಯಿಡುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಅಂಚು ನೋಡುತ್ತಾರೆ, ನೆಲ ನೋಡುತ್ತಾರೆ. "ಅಯ್ಯೋ, ನನ್ನ ತಲೆಗಿಷ್ಟು! ನೆಲದ ಎತ್ತರ ಹಾಕಿಬಿಟ್ಟಿದೀನಿ!"

ಅಳತೆ ತೆಗೆಯುವುದು ಯಾವಾಗಲೂ ಕೊಳವೆಯ ಅಂಚಿನಿಂದ. ಬೀದಿಗಳಲ್ಲಿ ಕೊರೆದ ಉಳಿದ ಬಾವಿಗಳ ಬಾಯಿ ನೆಲಕ್ಕೆ ಸಮನಾಗಿರುವುದರಿಂದ ಅಂಚೂ ಒಂದೇ ನೆಲವೂ ಒಂದೇ. ಇದೊಂದೇ ಮೇಲೆದ್ದು ನಿಂತದ್ದು. ಇದಕ್ಕೂ ಅಭ್ಯಾಸಬಲದಿಂದ ನೆಲದ ಎತ್ತರವನ್ನೇ ತುಂಬಿದ್ದರಿಂದ, ಪರದೆಯ ಮೇಲೆ ನೀರು ಇದ್ದದ್ದಕ್ಕಿಂತ ಮೊಣಕಾಲುದ್ದ ಕೆಳಗೆ ಬಿದ್ದಿದೆ. ತನ್ನ ತಪ್ಪಿಗೆ ಇಷ್ಟು ಹಿಗ್ಗುವವರನ್ನು ನಾನು ಕಂಡಿಲ್ಲ. ಆಟೊದಲ್ಲಿ ಉದ್ದಕ್ಕೂ, "ಬೈಸ್ಕೊಳ್ತೀನಿ, ಬೇಕಾದಷ್ಟು ಬೈಸ್ಕೊಳ್ತೀನಿ," ಎಂದು ನಗುತ್ತಾರೆ.

ಕಚೇರಿಯಲ್ಲಿ ಎತ್ತರ ತಿದ್ದಿ ಗುಂಡಿ ಒತ್ತುತ್ತಾರೆ. ಲೆಕ್ಕ ಮುಗಿಯುವ ತನಕ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಕಿಟಕಿಗೊಮ್ಮೆ, ಬಾಗಿಲಿಗೊಮ್ಮೆ, ನಡುವೆ ನನ್ನ ಕುರ್ಚಿಯ ಕಾಲಿಗೊಮ್ಮೆ ಎಡವುತ್ತಾರೆ. ಕೊನೆಗೆ ಚುಕ್ಕಿ ಮೇಲೇಳುತ್ತದೆ. ಅರ್ಧ ದಾರಿಗೆ ಬಂದು ನಿಂತುಬಿಡುತ್ತದೆ. ನೀರು ಹರಿಯುವ ದಿಕ್ಕು ತೋರಿಸುತ್ತ ಕಾಲೊನಿಯ ಕಡೆ ತಿರುಗಿದ ಬಾಣ ಸ್ವಲ್ಪ ಗಿಡ್ಡವಾಗಿದೆ, ದಿಕ್ಕು ಬದಲಾಗಿಲ್ಲ.

ಮೇಲಧಿಕಾರಿ ಬೆನ್ನಹಿಂದೆ ಬಂದು ನೋಡುತ್ತಾರೆ. ಕೆಟ್ಟ ಮನುಷ್ಯರಲ್ಲ, ನಾಳೆ ವರದಿ ಕೊಡಬೇಕಾದ ಮನುಷ್ಯ. "ಇಷ್ಟು ಬಂತಲ್ಲಮ್ಮ, ಸಾಕು. ಇದೊಂದನ್ನ ತೆಗೆದ್ಬಿಡಿ. ಒಂದೆರಡು ಬಾವಿ ಎಲ್ರೂ ಬಿಡ್ತಾರೆ."

"ಬಾವಿ ಕೆಟ್ಟಿದ್ರೆ ನಾನೇ ತೆಗೀತಿದ್ದೆ ಸರ್. ಕೆಟ್ಟಿದ್ದು ನನ್ನ ಲೆಕ್ಕ, ಅದನ್ನ ತಿದ್ದಿದೀನಿ. ಇನ್ನು ಉಳಿದಿರೋದು ನಿಜಾನೇ."

"ನಿಮ್ಮಕ್ಕನ ಮನೆ ಅಂತ ಹಟ ಮಾಡ್ತಿದೀರಾ?"

"ಅಕ್ಕನ ಮನೆ ಅಂತಾನೇ ತೆಗೆಯೋ ಆಸೆ ಆಗ್ತಿದೆ ಸರ್," ಎನ್ನುತ್ತಾರೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿ, ಚುಕ್ಕಿ ಇರಲಿ, ವರದಿ ತಡವಾಗಲಿ, ಮೊದಲು ಆ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿ ಎನ್ನುತ್ತಾರೆ.

ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ರಾದ್ಧಾಂತ. "ನೋಡಿದ್ರೆ ಕನ್ನಡಿ ಹಾಗಿದೆ ನೀರು! ನಿನ್ನ ಕಂಪ್ಯೂಟರ್ ಬೇಡ ಅಂದ್ರೆ ನಾವು ಬಾಯಾರಿ ಸಾಯ್ಬೇಕೇನೇ?" ಎಂದು ಅಕ್ಕ ಪಾತ್ರೆ ಕುಕ್ಕುತ್ತಾರೆ. ತಂಗಿ ಪರೀಕ್ಷೆಗೆ ಸೀಸೆ ತುಂಬಿಕೊಂಡು, ಬಿಂದಿಗೆಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದು, ಹೊರಗಿನಿಂದ ತಂದ ನೀರಿನ ಕ್ಯಾನನ್ನು ಅಲ್ಲಿಡುತ್ತಾರೆ. ಕೂಸು ಅವರ ಸೆರಗು ಹಿಡಿದು ಎದ್ದು ನಿಲ್ಲಲು ನೋಡುತ್ತಿದೆ.

ಫಲಿತಾಂಶ ಬರಲು ಇನ್ನೂ ಒಂದು ವಾರ. ಬಸ್ ನಿಲ್ದಾಣದಲ್ಲಿ ಅತ್ತಿಂದಿತ್ತ ಓಡಾಡುತ್ತಿರುವ ಅವರನ್ನು ಕೇಳುತ್ತೇನೆ: ನೀರು ಶುದ್ಧವಾಗಿದೆ ಎಂದು ಬಂದರೆ?

"ಅಕ್ಕ ವರ್ಷಗಟ್ಟಲೆ ಆಡ್ಕೋತಾಳೆ. ಆಫೀಸಲ್ಲಿ ಎಲ್ರೂ ಬಿದ್ದು ಬಿದ್ದು ನಗ್ತಾರೆ," ಎನ್ನುತ್ತಾರೆ. ಓಡಾಟ ಒಂದು ಗಳಿಗೆ ನಿಲ್ಲುತ್ತದೆ. "ನಗ್ಲಿ. ಅವರು ನಗೋದನ್ನೇ ಕಾಯ್ತಿದೀನಿ ನಾನು."