ಮೇಲಿನಿಂದ ಕಾಣದ ಹದಿನೆಂಟು ಚದರ ಮೀಟರ್

ನಾಲ್ಕು ವರ್ಷಗಳ ಹಿಂದೆ ನಾನು ಶಹಾಪುರದ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಎಸ್ಟಿಮೇಷನ್ ಎಂಜಿನಿಯರ್ ಆಗಿದ್ದೆ. ಕಟ್ಟಡದ ನಕ್ಷೆ ನೋಡಿ ಯಾವ ಸಾಮಾನು ಎಷ್ಟು ಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಆ ವರ್ಷವೇ ಕಚೇರಿಗೆ ಟೇಕ್‌ಆಫ್ ಸಾಫ್ಟ್‌ವೇರ್ ಬಂದಿತ್ತು. ನಕ್ಷೆಯನ್ನು ಪರದೆಯ ಮೇಲೆ ತೆರೆದು, ಸ್ಕೇಲ್ ಹೊಂದಿಸಿ, ಮೂಲೆಗಳ ಮೇಲೆ ಕ್ಲಿಕ್ ಮಾಡಿದರೆ ವಿಸ್ತೀರ್ಣ ತಾನಾಗಿ ಬರುತ್ತದೆ. ಎರಡು ದಿನದ ಕೆಲಸ ಅರ್ಧ ಗಂಟೆಗೆ ಮುಗಿಯತೊಡಗಿದ ಮೇಲೆ ನನಗೆ ಕೊಂಬು ಬಂದಿತ್ತು.

ಸುರಪುರದ ಗುಡ್ಡದ ಇಳಿಜಾರಿನಲ್ಲಿ ನಾವೊಂದು ವಿದ್ಯಾರ್ಥಿನಿಲಯ ಕಟ್ಟುತ್ತಿದ್ದೆವು. ರಸ್ತೆಯಿಂದ ಬಾಗಿಲಿನವರೆಗೆ ಎರಡು ಮೀಟರ್ ಅಗಲದ ಅರವತ್ತು ಮೆಟ್ಟಿಲು, ಎಲ್ಲಕ್ಕೂ ಫರಸಿ ಕಲ್ಲಿನ ಹೊದಿಕೆ. ಪ್ಲ್ಯಾನ್ ಹಾಳೆ ತೆರೆದು ಮೆಟ್ಟಿಲುಗಳ ಸುತ್ತ ಕ್ಲಿಕ್ ಮಾಡಿದೆ. ಮೂವತ್ತಾರು ಚದರ ಮೀಟರ್ ಬಂತು. ಒಡೆದು ಹೋಗುವುದಕ್ಕೆಂದು ತುಸು ಸೇರಿಸಿ ಕಲ್ಲು ಕಳಿಸಿದೆವು. ಅದನ್ನು ಕೂರಿಸುವವರು ಸಗರದ ಗೌಂಡಿ ಶರಣಪ್ಪ. ಐವತ್ತು ದಾಟಿದವರು, ಮಾತು ಕಡಿಮೆ.

ನಲವತ್ತನೇ ಮೆಟ್ಟಿಲಿಗೆ ಕಲ್ಲು ಮುಗಿಯಿತು. ಇನ್ನೂ ಹದಿನೆಂಟು ಚದರ ಮೀಟರ್ ಬೇಕೆಂದು ಶರಣಪ್ಪ ಹೇಳಿಕಳಿಸಿದರು. ನಾನು ಲೆಕ್ಕವನ್ನು ಮತ್ತೊಮ್ಮೆ ತೆರೆದು ಕೂಡ ನೋಡಲಿಲ್ಲ. ಸೈಟಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ನನ್ನನ್ನು ಬಿಟ್ಟು ಹದಿನೆಂಟು ಜನ ಇದ್ದರು: ಸೂಪರ್‌ವೈಸರ್, ಕಲ್ಲಿನ ವ್ಯಾಪಾರಿ, ಸುತ್ತಲಿನ ಸಣ್ಣಪುಟ್ಟ ಗುತ್ತಿಗೆದಾರರು. ಅಲ್ಲಿ ಬರೆದೆ: “ಕಳಿಸಿದ ಕಲ್ಲು ಅರವತ್ತು ಮೆಟ್ಟಿಲಿಗೂ ಸಾಕು. ಉಳಿದದ್ದು ಎಲ್ಲಿ ಹೋಯಿತೆಂದು ಶರಣಪ್ಪನನ್ನೇ ಕೇಳಿ.”

ಅದನ್ನು ಓದಿ ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಇಬ್ಬರನ್ನು ಕರೆದುಕೊಂಡು ಸಗರಕ್ಕೆ ಹೋಗಿ ಶರಣಪ್ಪನವರ ಮನೆ, ಹಿತ್ತಲು ಎಲ್ಲ ತಡಕಾಡಿದ. ಓಣಿಯ ಜನ ನಿಂತು ನೋಡಿದರಂತೆ. ಏನೂ ಸಿಗಲಿಲ್ಲ. ಆಗಲೇ ಮಾರಿರಬೇಕು ಅಂದುಕೊಂಡೆ, ಅಷ್ಟು ಧಿಮಾಕು. ಕಳ್ಳತನ ಸಾಬೀತು ಮಾಡಲು ನಾನೇ ಟೇಪ್ ಹಿಡಿದು ಸೈಟಿಗೆ ಹೋಗಿ ಅವರನ್ನು ಕರೆಸಿದೆ.

ಶರಣಪ್ಪ ವಾದ ಮಾಡಲಿಲ್ಲ. “ಮೇಡಮ್ಮೋರೆ, ಈ ತುದಿ ಹಿಡ್ಕೋರಿ,” ಎಂದು ಟೇಪನ್ನು ಮೆಟ್ಟಿಲ ಮೇಲೆ ಹಾಸಿದರು. “ಇದು ಕಾಲಿಡೂ ಜಾಗಾ, ಮೂವತ್ತು ಸೆಂಟಿಮೀಟರ್.” ಆಮೇಲೆ ಟೇಪನ್ನು ಅಂಚಿನಲ್ಲಿ ಮಡಚಿ ಕೆಳಗಿಳಿಸಿದರು. “ಇದು ನಿಂತ ಮಗ್ಗಲ, ಹದಿನೈದು. ಇದಕ್ಕೂ ಕಲ್ಲು ಹಚ್ಚೀನ್ರಿ. ನಿಮ್ಮ ಕಂಪ್ಯೂಟರ್ ಇದನ್ನ ಎಣಿಸ್ಯಾದೇನ್ರಿ?”

ಎಣಿಸಿರಲಿಲ್ಲ. ಪ್ಲ್ಯಾನ್ ಎಂದರೆ ಮೇಲಿನಿಂದ ನೋಡಿದ ಚಿತ್ರ. ಮೆಟ್ಟಿಲಿನ ನಿಂತ ಮುಖ ಅದರಲ್ಲಿ ಕಾಣುವುದಿಲ್ಲ. ಅದು ಇರುವುದು ಸೆಕ್ಷನ್ ಹಾಳೆಯಲ್ಲಿ, ಅಂದರೆ ಕಟ್ಟಡವನ್ನು ಸೀಳಿ ಪಕ್ಕದಿಂದ ತೋರಿಸುವ ಚಿತ್ರದಲ್ಲಿ. ನಾನು ಅದನ್ನು ತೆರೆದೇ ಇರಲಿಲ್ಲ. ಅರವತ್ತು ನಿಂತ ಮುಖ ಸೇರಿ ಸರಿಯಾಗಿ ಹದಿನೆಂಟು ಚದರ ಮೀಟರ್. ಸಾಫ್ಟ್‌ವೇರಿನದು ಏನೂ ತಪ್ಪಿರಲಿಲ್ಲ.

ಆದರೂ ನನ್ನ ಬಾಯಿಂದ ಬಂದದ್ದು, “ಡ್ರಾಯಿಂಗ್ ಬರದವ್ರು ಸರಿ ತೋರಿಸಿಲ್ರಿ.” ಶುದ್ಧ ಸುಳ್ಳು. ಗ್ರೂಪಿನಲ್ಲಿ “ಪರಿಷ್ಕೃತ ಪ್ರಮಾಣ: 54 ಚದರ ಮೀಟರ್” ಎಂದಷ್ಟೇ ಬರೆದೆ. ಶರಣಪ್ಪನವರ ಬಗ್ಗೆ ಒಂದಕ್ಷರ ಇಲ್ಲ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಉಳಿದ ಇಪ್ಪತ್ತು ಮೆಟ್ಟಿಲು ಮುಗಿಸಿಕೊಟ್ಟು ಅವರು ಹೋದರು. ನೆಲಹಾಸಿನ ಕೆಲಸಕ್ಕೆ ಬರಲಿಲ್ಲ. ಎರಡು ತಿಂಗಳು ಕಳೆದ ಮೇಲೆ, ತಡೆಯಲಾರದೆ, ಸಗರಕ್ಕೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ತಪ್ಪು ನನ್ನದೇ ಎಂದು ಹೇಳಿ ಕೈ ಮುಗಿದೆ.

“ನನಗ ಗೊತ್ತಿದ್ದದ್ದು ನನಗ ಹೇಳಾಕ ಇಷ್ಟು ದೂರ ಬಂದೀರೇನ್ರಿ?” ಎಂದರು ಶರಣಪ್ಪ. “ಗ್ರೂಪ್‌ನಾಗ ಹಾಕ್ರಿ. ಮೂರು ಕಡಿ ಕೆಲಸ ಕೇಳೀನಿ, ಯಾರೂ ಕೊಡವಲ್ರು.”

ಕಟ್ಟಡ ಮುಗಿದಿದ್ದರಿಂದ ಆ ಗ್ರೂಪನ್ನೇ ಮುಚ್ಚಿದ್ದರು. ಮರುದಿನದಿಂದ ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದೆ. ಸೈಟಿನಿಂದ ಸಾಮಾನು ಸಾಲದು ಎಂದು ಕರೆ ಬಂದರೆ ಈಗ ಮೊದಲು ನನ್ನ ಹಾಳೆಗಳನ್ನು ತೆರೆಯುತ್ತೇನೆ, ಆಮೇಲೆ ಬಾಯಿ. ಆದರೆ ಈ ಬುದ್ಧಿ ನನಗೆ ಬಂದದ್ದು ಇನ್ನೊಬ್ಬರ ಹೆಸರು ಕೆಡಿಸಿದ ಮೇಲೆ.

ಆ ಹದಿನೆಂಟು ಜನರಲ್ಲಿ ಕೊನೆಗೆ ದೇವಾಪುರದ ಗುತ್ತಿಗೆದಾರರೊಬ್ಬರಿಗೆ ಫೋನ್ ಮಾಡಿದೆ. “ಯಾವ ಶರಣಪ್ಪ? ಆ ಕಲ್ಲು ಕದ್ದ ಗೌಂಡಿ ಏನ್ರಿ?” ಎಂದರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

“ಅದೆಲ್ಲ ಖರೆ ಇರಬಹುದ್ರಿ ಮೇಡಂ. ಆದ್ರ ಏನೂ ಇಲ್ದ ಯಾರರ ಮನಿ ಹೊಕ್ಕು ಹುಡುಕ್ತಾರೇನ್ರಿ?”

“ಹುಡುಕಿಸಿದಾಕಿ ನಾನೇ ರೀ,” ಎಂದೆ.