ಸಮುದ್ರದ ಗೊಬ್ಬರ

ನಮ್ಮ ಮನೆಗಳಲ್ಲಿ ಮೀನು ಎಂಬ ಮಾತನ್ನೇ ಆಡುವುದಿಲ್ಲ. ಸೊರಬದ ಕಡೆ ಇರುವ ದೊಡ್ಡಪ್ಪನ ಶುಂಠಿ ಹೊಲಕ್ಕೆ ಕರಾವಳಿಯಿಂದ ಒಣಮೀನಿನ ಗೊಬ್ಬರ ಬರುತ್ತದೆ. ಅದಕ್ಕೆ ಹೆಸರು ‘ಸಮುದ್ರದ ಗೊಬ್ಬರ’. ಲಾರಿ ಮನೆಯ ಮುಂದೆ ಹಾಯುವಂತಿಲ್ಲ, ಕೆರೆ ಏರಿಯ ಮೇಲೆ ಸುತ್ತಿ ಬರಬೇಕು. ದೊಡ್ಡಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರ ನಿಂತು ಇಳಿಸಿಕೊಳ್ಳುತ್ತಾರೆ, ಮನೆಗೆ ಬಂದವರೇ ಸ್ನಾನ ಮಾಡಿ ಲಿಂಗಪೂಜೆಗೆ ಕೂರುತ್ತಾರೆ. ಅಲ್ಲಿಗೆ ಮೀನಿನ ಸಂಬಂಧ ಮುಗಿಯಿತು.

ಈ ವರ್ಷ ಶಿಕಾರಿಪುರದಿಂದ ನಾನೂ ಹೋಗಿದ್ದೆ. ಇಳಿಸುವಾಗ ಒಂದು ಚೀಲ ಹರಿಯಿತು. ಪುಡಿ ಇರುತ್ತದೆ ಎಂದುಕೊಂಡಿದ್ದೆ. ಚೆಲ್ಲಿದ್ದು ಇಡಿಯ ಮೀನಿನ ಮರಿಗಳು, ನನ್ನ ಕಿರುಬೆರಳಿಗಿಂತ ಚಿಕ್ಕವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಡಲ ಸಂರಕ್ಷಣೆಯ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಗೆದ್ದವಳು ನಾನು. ಸಣ್ಣ ಕಣ್ಣಿನ ಬಲೆ ಮರಿಗಳನ್ನು ಮೊಟ್ಟೆಯಿಡುವ ಮೊದಲೇ ಬಾಚುತ್ತದೆ ಎಂಬುದು ಬಾಯಿಪಾಠವಾಗಿತ್ತು. ಬಾಚಿದ್ದು ನಮ್ಮ ಹೊಲಕ್ಕೆ ಬರುತ್ತದೆಂದು ಮಾತ್ರ ತಿಳಿದಿರಲಿಲ್ಲ.

ದೊಡ್ಡಪ್ಪ ಗೊಬ್ಬರ ಕಳಿಸುವ ಬ್ರೋಕರಿಗೆ ಇನ್ನೊಂದು ಲೋಡ್ ಹೇಳಲು ಫೋನ್ ತೆಗೆದರು.

“ಬ್ಯಾಡ ದೊಡ್ಡಪ್ಪಾ. ಎಲ್ಲಾ ಮರಿ ಇವು. ಹಿಂಗೇ ಬಾಚಿದ್ರೆ ಸಮುದ್ರದಲ್ಲಿ ಏನು ಉಳಿಯುತ್ತೆ?”

“ತಿನ್ನೋರಿಗೆ ಹೇಳು ಹೋಗು. ನಾವೇನು ತಿಂತೀವಾ?”

“ನಾವ್ ತಿನ್ನಲ್ಲ, ನಮ್ ಶುಂಠಿ ತಿನ್ನುತ್ತೆ.”

ಚೀಲ ಹೊತ್ತಿದ್ದ ಆಳು ನಕ್ಕುಬಿಟ್ಟ. “ಶುಂಠಿಗೂ ಲಿಂಗ ಕಟ್ಟಿಸ್ಬೇಕಿತ್ತು ನೋಡ್ರಿ ಗೌಡ್ರೇ!”

ಆ ನಗು ದೊಡ್ಡಪ್ಪನಿಗೆ ನಾಟಿತು. ಹೋದ ವರ್ಷ ಗೆಡ್ಡೆ ಕೊಳೆತು ಅರ್ಧ ಬೆಳೆ ಹೋಗಿತ್ತು. ಈ ಸಲವೂ ಕೈಕೊಟ್ಟರೆ ಗುತ್ತಿಗೆಗೆ ಹಿಡಿದ ಆ ಹೊಲವನ್ನೇ ಬಿಡಬೇಕು. ಆದರೂ ಬ್ರೋಕರಿಗೆ, “ಇಷ್ಟೇ ಸಾಕು ರೀ” ಎಂದರು. ಅವನಿಗೆ ಬೇಸರವೇನೂ ಆಗಲಿಲ್ಲ. “ಆಯ್ತು ರೀ, ಕುಬಟೂರಲ್ಲಿ ಕೇಳ್ತಾ ಇದಾರೆ. ಅಲ್ಲಿಗೆ ಕಳಿಸ್ತೀನಿ.”

ಉಳಿದ ಹೊಲಕ್ಕೆ ಯೂರಿಯಾ ತಂದರು. ಜಗಲಿಯಲ್ಲಿ ಚೀಲ ಪೇರಿಸಿ ಕೇಳಿದರು: “ಇದ್ರಿಂದ ಸಮುದ್ರಕ್ಕೆ ತೊಂದ್ರೆ ಇಲ್ಲ ಅಲ್ಲಾ ಪುಟ್ಟೀ?”

ಇಲ್ಲ ಎಂದುಬಿಡಬಹುದಿತ್ತು. ಆದರೆ ಮಳೆ ತೊಳೆದ ಯೂರಿಯಾ ದಂಡಾವತಿ ಹೊಳೆಗೆ ಇಳಿಯುತ್ತದೆ, ಅಲ್ಲಿಂದ ವರದೆಗೆ, ತುಂಗಭದ್ರೆಗೆ, ಕೃಷ್ಣೆಗೆ. ಮೀನು ಬಂದದ್ದು ಪಡುವಣ ಕಡಲಿನಿಂದ, ಇದು ಹೋಗುವುದು ಮೂಡಣ ಕಡಲಿಗೆ. ಊರೂರಿನ ಹೊಲಗಳದ್ದೂ ಸೇರಿ ಅಲ್ಲಿ ಪಾಚಿ ಹಬ್ಬುತ್ತದೆ. ಅದು ಕೊಳೆತಾಗ ಮೀನಿಗೆ ಉಸಿರಿಲ್ಲ. ಅಷ್ಟನ್ನೂ ಹೇಳಿದೆ.

“ಅಲ್ಲ ಮಾರಾಯ್ತಿ, ಮತ್ತೆ ನಾನು ಎಂತ ಹಾಕ್ಲಿ?”

“ಸಗಣಿ ಗೊಬ್ಬರ...”

“ಹಟ್ಟೀಲಿರೋದು ಎರಡು ದನ. ಉಳಿದಿದ್ದು ನೀನು ಹಾಕ್ತೀಯಾ?”

ಒಳಗೆ ದೊಡ್ಡಮ್ಮ ನಕ್ಕಿದ್ದು ಕೇಳಿಸಿತು. ದೊಡ್ಡಪ್ಪ ಚೀಲ ಬಿಚ್ಚಿ ಬುಟ್ಟಿಗೆ ಅರ್ಧ ಸುರಿದು ನನ್ನ ಮುಖ ನೋಡಿದರು. ಈ ಸಲ ಛೇಡಿಸುತ್ತಿರಲಿಲ್ಲ.

“ಇಷ್ಟು ಹಾಕ್ಲಾ? ನೀನೇ ಹೇಳು.”

ಶುಂಠಿಗೆ ಎಷ್ಟು ಬೇಕೆಂದು ನನಗೆ ಗೊತ್ತಿರಲಿಲ್ಲ. “ಬುಟ್ಟಿಯಿಂದ ಇನ್ನೂ ಸ್ವಲ್ಪ ತೆಗೀರಿ” ಎಂದೆ. ತೆಗೆದರು.

ಈಗ ಫೋನ್ ಮಾಡಿದಾಗೆಲ್ಲ ಹೊಲ ಹೇಗಿದೆ ಎಂದು ಕೇಳುತ್ತೇನೆ. “ಎಲೆ ಹಳದಿ ಆಗ್ತಿದೆ” ಎನ್ನುತ್ತಾರೆ. ಬೈಯುವುದಿಲ್ಲ.